ಕಟ್ಟಡ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಬೇಕು, ಎಲ್ಲಿಂದ ಶುರು ಮಾಡೋದು?

ವರ್ತೂರು ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ವರ್ತೂರು ಹತ್ತಿರ. ಮನೆಯಿಂದ ಎರಡು ರಸ್ತೆ ಆಚೆ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ, ಅದರ ಹಿಂದೆ ಕೆಲಸದವರ ತಗಡಿನ ಶೆಡ್‌ಗಳಿವೆ. ಜಾಸ್ತಿ ಜನ ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು. ಒಂದಷ್ಟು ಮನೆಯವರು ಒಡಿಶಾ, ಬಂಗಾಳದವರು. ಮಕ್ಕಳು ಇಪ್ಪತ್ತು ಇಪ್ಪತ್ತೈದು ಇರಬಹುದು, ಐದು ವರ್ಷದವರಿಂದ ಹಿಡಿದು ಹದಿಮೂರರವರೆಗೆ. ಕೆಲವರು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾರೆ, ಹಲವರು ಎಲ್ಲಿಗೂ ಹೋಗುವುದಿಲ್ಲ. ಇಡೀ ದಿನ ಎಂ-ಸ್ಯಾಂಡ್ ರಾಶಿ ಮೇಲೆ ಆಡಿಕೊಂಡು, ತಮ್ಮ ತಂಗಿಯರನ್ನು ನೋಡಿಕೊಂಡು ಇರುತ್ತಾರೆ.

ನಾನೂ ನನ್ನ ಮೂವರು ಗೆಳತಿಯರೂ ಸಂಜೆ ಹೊತ್ತು ಅವರಿಗೆ ಪಾಠ ಹೇಳಿಕೊಡೋಣ ಅಂತ ತೀರ್ಮಾನ ಮಾಡಿದ್ದೇವೆ. ನಮ್ಮಲ್ಲಿ ಯಾರೂ ಟೀಚರ್ ಅಲ್ಲ. ಅಲ್ಲಿಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿದೆವು, ಖುಷಿಯಿಂದ ಒಪ್ಪಿಕೊಂಡರು. "ಇಂಗ್ಲಿಷ್ ಕಲಸ್ರಿ ಅಕ್ಕಾರ" ಅಂತ ಎಲ್ಲರೂ ಒಂದೇ ಮಾತು ಹೇಳಿದರು.

ಆದರೆ ಮಕ್ಕಳ ಜೊತೆ ಸ್ವಲ್ಪ ಹೊತ್ತು ಕೂತ ಮೇಲೆ ತಲೆ ಬಿಸಿಯಾಗಿದೆ. ಐದನೇ ಕ್ಲಾಸಿನ ಒಬ್ಬ ಹುಡುಗಿಗೆ ಅವಳ ಕನ್ನಡ ಪುಸ್ತಕವನ್ನೇ ಕೊಟ್ಟು ಓದು ಅಂದೆ. ಸರಾಗವಾಗಿ ಶುರು ಮಾಡಿದಳು. ನೋಡಿದರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಎರಡನೇ ಸಾಲಿನ ಮಧ್ಯದ ಒಂದು ಪದ ತೋರಿಸಿ ಇದೇನು ಅಂತ ಕೇಳಿದರೆ ಗಪ್‌ಚುಪ್. ಇಡೀ ಪಾಠ ಬಾಯಿಪಾಠ ಮಾಡಿದ್ದಾಳೆ, ಓದೋಕೆ ಬರುವುದಿಲ್ಲ. ಅವಳ ಪಕ್ಕದಲ್ಲಿ ಕೂತ ಹುಡುಗ ಶಾಲೆಯ ಮುಖವನ್ನೇ ನೋಡಿಲ್ಲ, ಅವನಿಗೂ ಹತ್ತು ವರ್ಷ. ಇಬ್ಬರಿಗೂ ಒಟ್ಟಿಗೆ ಏನು ಹೇಳಿಕೊಡಲಿ?

ಕನ್ನಡ ಮೊದಲಾ, ಇಂಗ್ಲಿಷ್ ಮೊದಲಾ? ವಯಸ್ಸಿನ ಪ್ರಕಾರ ಗುಂಪು ಮಾಡಬೇಕಾ? ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಕರೆಸೋಣವಾ, ಅಲ್ಲೇ ಹೋಗೋಣವಾ? ಇನ್ನೊಂದು ಚಿಂತೆ ಏನಂದರೆ ಈ ಕಟ್ಟಡ ಮುಗಿದರೆ ಇವರು ಬೇರೆ ಕಡೆ ಹೋಗಿಬಿಡುತ್ತಾರೆ. ಅಷ್ಟರಲ್ಲಿ ನಾವು ಮಾಡುವುದರಿಂದ ನಿಜಕ್ಕೂ ಪ್ರಯೋಜನ ಇದೆಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಬಳಪ

ನಾವು ಮೈಸೂರಿನಲ್ಲಿ ಕೆಲವು ವರ್ಷಗಳಿಂದ ಸಂಜೆ ಪಾಠ ನಡೆಸುತ್ತಿದ್ದೇವೆ. ಕೂಲಿ ಮಾಡುವವರ, ಪೌರಕಾರ್ಮಿಕರ ಮಕ್ಕಳು ಬರುತ್ತಾರೆ. ನೀವು ಮೊದಲ ದಿನವೇ ಬೆರಳಿಟ್ಟು ಕೇಳಿದಿರಲ್ಲ, ಅದೇ ಸರಿಯಾದ ಶುರು. ಎಷ್ಟೋ ಜನ ಆ ಪರೀಕ್ಷೆ ಮಾಡದೆ ಐದನೇ ಕ್ಲಾಸಿನವಳಿಗೆ ಐದನೇ ಕ್ಲಾಸಿನ ಹೋಂವರ್ಕ್ ಮಾಡಿಸುತ್ತಾ ಕೂರುತ್ತಾರೆ. ಬೋರ್ಡ್ ಮೇಲಿನ ಉತ್ತರ ಮಕ್ಕಳು ಚೆಂದದ ಅಕ್ಷರದಲ್ಲಿ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಏನು ಬರೆದಿದ್ದೇವೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ವಯಸ್ಸು, ಕ್ಲಾಸು ಎರಡನ್ನೂ ಪಕ್ಕಕ್ಕಿಡಿ. ಓದೋಕೆ ಎಷ್ಟು ಬರುತ್ತೆ ಅನ್ನುವುದರ ಮೇಲೆ ಗುಂಪು ಮಾಡಿ. ಮಕ್ಕಳ ಓದಿಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯವರು 2005ರಲ್ಲಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆ ಶುರು ಮಾಡಿದಾಗಿನಿಂದ ಬಳಸುವ ಒಂದು ಸಣ್ಣ ಪರೀಕ್ಷೆ ಇದೆ. ಒಂದು ಹಾಳೆಯಲ್ಲಿ ಬಿಡಿ ಅಕ್ಷರ, ಚಿಕ್ಕ ಪದ, ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸ್ ಮಟ್ಟದ ಪುಟ್ಟ ಕಥೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಐದೇ ನಿಮಿಷದಲ್ಲಿ ತಿಳಿಯುತ್ತದೆ. ಬೇರೆ ಮಕ್ಕಳ ಎದುರು ಮಾತ್ರ ಬೇಡ, ದೊಡ್ಡ ಮಕ್ಕಳಿಗೆ ಅವಮಾನ ಆಗುತ್ತದೆ, ಮಾರನೇ ದಿನದಿಂದ ಬರುವುದಿಲ್ಲ.

ಟೀಚರ್ ಅಲ್ಲ ಅಂತ ಹಿಂಜರಿಯಬೇಡಿ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, ಅದಕ್ಕಿಂತ ಎಷ್ಟೋ ವರ್ಷ ಮುಂಚೆ ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್‌ನ ಬಾಲಸಖಿ ಯೋಜನೆಯನ್ನು ಪರೀಕ್ಷಿಸಿ ನೋಡಿದ್ದರು. ಬಾಲಸಖಿಯರು ಬಿ.ಎಡ್ ಮಾಡಿದವರಲ್ಲ, ಅದೇ ಊರಿನ, ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಅವರಿಗೆ ಬರುವ ಮಟ್ಟದಿಂದಲೇ ಹೇಳಿಕೊಟ್ಟರು. ಎಲ್ಲರಿಗಿಂತ ಹಿಂದೆ ಇದ್ದ ಮಕ್ಕಳೇ ಜಾಸ್ತಿ ಕಲಿತರು. ಮಗು ಎಲ್ಲಿದೆಯೋ ಅಲ್ಲಿಗೆ ಹೋಗಿ ಕೂತಿದ್ದೇ ಅಲ್ಲಿ ಕೆಲಸ ಮಾಡಿದ್ದು.

ಇನ್ನು ಅಕ್ಷರ. ಅ ಆ ಇ ಈ ಅಂತ ಶುರು ಮಾಡಿದರೆ ಮೊದಲ ಪದ ಓದೋ ಹೊತ್ತಿಗೆ ತಿಂಗಳು ಕಳೆಯುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿಗಳಿಗೆ ಕಲಿಸುವ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತದೆ, ಆಮೇಲೆ ಜ, ವ, ಮ, ಬ, ನ. ಬರೆಯೋಕೆ ಸುಲಭ, ಮೊದಲ ವಾರವೇ ಪದ ಸಿಗುತ್ತದೆ. ಸರ, ದರ, ಅಗಸ, ಅರಸ. ನಿಮ್ಮ ಮಕ್ಕಳಿಗೆ ಇನ್ನೂ ಒಂದು ಒಳ್ಳೇ ಪದ ಇದೆ, ಗರಗಸ. ಮೂರೇ ಅಕ್ಷರ ಕಲಿತರೆ ಸಾಕು, ದಿನಾ ಸೆಂಟ್ರಿಂಗ್ ಕೆಲಸದಲ್ಲಿ ನೋಡುವ ವಸ್ತು. ನಮ್ಮಲ್ಲಿ ಬಡಗಿಯೊಬ್ಬರ ಮಗ ಅದನ್ನು ಓದಿ, "ಇದು ನಮ್ಮನೇಲಿ ಐತೆ" ಅಂತ ಎದ್ದು ನಿಂತಿದ್ದ. ಎರಡನೇ ಗುಂಪಿನ ಅಕ್ಷರ ಬಂದ ಮೇಲೆ ಮರ, ಜನ, ನಗರ, ಬಸವ ಎಲ್ಲ ಬರೆಯಬಹುದು. ನಿಮ್ಮಲ್ಲಿ ಯಾದಗಿರಿ ಮಕ್ಕಳಿದ್ದಾರೆ ಅಂದರೆ ಒಬ್ಬನಾದರೂ ಬಸವ ಇದ್ದೇ ಇರುತ್ತಾನೆ. ತನ್ನ ಹೆಸರು ತಾನೇ ಓದಲಿ.

ಒತ್ತಕ್ಷರದ ಹತ್ತಿರ ಎಲ್ಲರೂ ಎಡವುತ್ತಾರೆ. ಅಕ್ಕ ಅನ್ನುವುದನ್ನು "ಅಕ" ಅಂತ ಓದುತ್ತಾರೆ, ಕೆಳಗಿನ ಅಕ್ಷರ ಕಣ್ಣಿಗೇ ಬೀಳುವುದಿಲ್ಲ. ಮೊದಲು ಅದೇ ಅಕ್ಷರದ ಒತ್ತು ಇರುವ ಪದ ಮಾತ್ರ ಕೊಡಿ. ಅಕ್ಕ, ಅಣ್ಣ, ಅಮ್ಮ, ಹಳ್ಳ, ಬೆಲ್ಲ. ಅದು ಗಟ್ಟಿಯಾದ ಮೇಲೆ ಬೇರೆ ಒತ್ತು, ಕೊನೆಗೆ ಅರ್ಕಾವತ್ತು. ಇಲ್ಲಿ ಅವಸರ ಮಾಡಬೇಡಿ. ಐದನೇ ಕ್ಲಾಸಿನ ಎಷ್ಟೋ ಮಕ್ಕಳು ನಿಂತಿರುವುದೇ ಈ ಜಾಗದಲ್ಲಿ.

ವಾರಕ್ಕೆ ಒಂದು ದಿನ ಮೂರು ಗಂಟೆ ಮಾಡುವುದಕ್ಕಿಂತ ವಾರಕ್ಕೆ ನಾಲ್ಕು ದಿನ ಒಂದು ಗಂಟೆ ಮಾಡಿ. ಒಂದು ಗುಂಪಿಗೆ ಯಾವಾಗಲೂ ಒಬ್ಬರೇ ಕೂರಲಿ. ದಿನಕ್ಕೊಬ್ಬರು ಬಂದರೆ ಪ್ರತಿಯೊಬ್ಬರೂ ಮತ್ತೆ "ನಿನ್ನ ಹೆಸರೇನು" ಅಂತಲೇ ಶುರು ಮಾಡುತ್ತಾರೆ. ಜಾಗ ಶೆಡ್ ಹತ್ತಿರವೇ ಇರಲಿ. ಕ್ಲಬ್‌ಹೌಸಿಗೆ ಕರೆಸಿದರೆ ಗೇಟಿನಲ್ಲಿ ಸೆಕ್ಯೂರಿಟಿಯವರು ಕೇಳುವ ಪ್ರಶ್ನೆಗೇ ಅರ್ಧ ಮಕ್ಕಳು ವಾಪಸ್ ಹೋಗುತ್ತಾರೆ.

ಮೇಷ್ಟ್ರು, ಕೋಲಾರ ಕಡೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಬಳಪ ಅವರು ಹೇಳಿದ್ದು ಸರಿ, ಆದರೆ ಮೇಡಂ, ನಿಮ್ಮ ಪೋಸ್ಟಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು "ಹಲವರು ಎಲ್ಲಿಗೂ ಹೋಗುವುದಿಲ್ಲ" ಅನ್ನುವ ಮಾತು. ಸಂಜೆ ಪಾಠಕ್ಕಿಂತ ಮೊದಲ ಕೆಲಸ ಅದು. ಆ ಮಕ್ಕಳನ್ನು ಶಾಲೆಗೆ ಸೇರಿಸಿ.

ಶಾಲೆಗೆ ಸೇರಿದರೆ ಪಾಠ ಮಾತ್ರ ಅಲ್ಲ, ಮಧ್ಯಾಹ್ನದ ಊಟ ಸಿಗುತ್ತದೆ, ಹಾಲು ಸಿಗುತ್ತದೆ, ಪುಸ್ತಕ, ಸಮವಸ್ತ್ರ ಸಿಗುತ್ತದೆ. ದಿನದ ಐದಾರು ಗಂಟೆ ಕಬ್ಬಿಣದ ಸರಳು, ತೆರೆದ ಸಂಪು, ಲಾರಿಗಳ ನಡುವೆ ಇರುವುದು ತಪ್ಪುತ್ತದೆ. ಇಷ್ಟನ್ನು ನೀವು ನಾಲ್ಕು ಜನ ಸೇರಿ ಕೊಡೋಕಾಗಲ್ಲ, ಯಾವ ಸಂಘವೂ ಕೊಡೋಕಾಗಲ್ಲ.

"ಟಿಸಿ ಇಲ್ಲ, ಹುಟ್ಟಿದ ಸರ್ಟಿಫಿಕೇಟ್ ಇಲ್ಲ, ಜೂನ್ ಮುಗಿದುಹೋಯಿತು" ಅಂತ ಅಪ್ಪ ಅಮ್ಮಂದಿರು ಸುಮ್ಮನಾಗಿರುತ್ತಾರೆ. ಕೆಲವು ಕಡೆ ಶಾಲೆಯವರೂ ಇದನ್ನೇ ಹೇಳಿ ಕಳಿಸುತ್ತಾರೆ, ಸುಳ್ಳು ಹೇಳುವುದಿಲ್ಲ ನಾನು. ಆದರೆ ಕಾನೂನು ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಿಂದ. ಅದರ 4ನೇ ಸೆಕ್ಷನ್ ಪ್ರಕಾರ ಶಾಲೆಗೇ ಹೋಗದ ಹತ್ತು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದನ್ನು ಸರಿಮಾಡಲು ವಿಶೇಷ ತರಬೇತಿ ಕೊಡಬೇಕು. 5ನೇ ಸೆಕ್ಷನ್ ಪ್ರಕಾರ ಟಿಸಿ ಬರುವುದು ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸಬಾರದು ಅಂತ 14ನೇ ಸೆಕ್ಷನ್ ಹೇಳುತ್ತದೆ, ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು ಅಂತ 15ನೇದು. ಆಧಾರ್ ಇಲ್ಲದಿದ್ದರೂ ಸೇರಬಹುದು, 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಅದು ಸ್ಪಷ್ಟವಾಗಿದೆ. ಮೊದಲು ಎಲ್ಲಾದರೂ ನಮ್ಮ ರಾಜ್ಯದಲ್ಲೇ ಓದಿದ್ದರೆ ಸ್ಯಾಟ್ಸ್ ನಂಬರ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ನಂಬರ್) ಇರುತ್ತದೆ, ಆ ಊರಿನ ಶಾಲೆಗೆ ಒಂದು ಫೋನ್ ಮಾಡಿದರೆ ಹುಡುಕಿಕೊಡುತ್ತಾರೆ.

ಜಗಳ ಮಾಡೋಕೆ ಹೋಗಬೇಡಿ. ಹೆಡ್‌ಮಾಸ್ಟರ್ ಹತ್ತಿರ ನೇರವಾಗಿ ಮಾತಾಡಿ, ಮಕ್ಕಳ ಹೆಸರಿನ ಪಟ್ಟಿ ಕೊಡಿ. ಆಗದಿದ್ದರೆ ಆ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ, ಅಲ್ಲಿಂದ ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ. ಬಹಳ ಕಡೆ ಅಷ್ಟು ದೂರ ಹೋಗುವ ಅಗತ್ಯವೇ ಬರುವುದಿಲ್ಲ, ಮಕ್ಕಳು ಬಂದರೆ ಶಾಲೆಗೂ ಬೇಕು. ಎಷ್ಟೋ ಶಾಲೆಗಳು ಹಾಜರಾತಿ ಇಲ್ಲದೆ ನರಳುತ್ತಿವೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕಿತ್ತಳೆ ಹಣ್ಣು ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಅವರ ಹೆಸರು ಎಲ್ಲರಿಗೂ ಗೊತ್ತು, 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ಬಹಳ ಜನ ಗಮನಿಸದ ಸಂಗತಿ ಅಂದರೆ ಅವರು ಕಚೇರಿಯಿಂದ ಕಚೇರಿಗೆ ಅಲೆದು ನ್ಯೂಪಡ್ಪುವಿಗೆ ತಂದಿದ್ದು ಸರ್ಕಾರಿ ಶಾಲೆಯನ್ನು. ಅವರ ಹೆಸರಿನ ಖಾಸಗಿ ಶಾಲೆ ಅಲ್ಲ ಅದು, ಜಿಲ್ಲಾ ಪಂಚಾಯಿತಿ ಶಾಲೆ. ಅದಕ್ಕೇ ಅದು ಉಳಿದಿದೆ, ಬೆಳೆದಿದೆ. ಸ್ವಯಂಸೇವಕರ ಪಾಠ ಶಾಲೆಗೆ ಪೂರಕವಾಗಿ ಇರಬೇಕು. ಶಾಲೆ ಬಿಟ್ಟ ಮಗುವಿಗೆ "ಸಂಜೆ ಅಕ್ಕಾರು ಬಂದು ಹೇಳಿಕೊಡುತ್ತಾರಲ್ಲ" ಅನ್ನುವ ನೆಪ ಆಗಬಾರದು.

ಶನಿವಾರದ ಅಣ್ಣ

ನಾನೂ ಬೆಂಗಳೂರಲ್ಲೇ ವಾರಾಂತ್ಯದಲ್ಲಿ ಒಂದು ಗುಂಪಿನ ಜೊತೆ ಪಾಠ ಮಾಡುತ್ತೇನೆ. ಬಳಪ ಅವರ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ತಾಯಂದಿರು ಬಾಯಿ ಬಿಟ್ಟು ಇಂಗ್ಲಿಷ್ ಕೇಳುತ್ತಿದ್ದಾರೆ, ಅಲ್ವಾ? ನಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಕಳಿಸಿ, ಕೂಲಿಯವರ ಮಕ್ಕಳಿಗೆ ಮಾತ್ರ ಗರಗಸ, ಅಗಸ ಅಂತ ಹೇಳಿಕೊಡುವುದು ಯಾವ ನ್ಯಾಯ? ಡೆಲಿವರಿ ಕೆಲಸಕ್ಕೂ ಆ್ಯಪ್ ಓದೋಕೆ ಬರಬೇಕು, ಮಾಲ್‌ನಲ್ಲಿ ಕೆಲಸಕ್ಕೂ ಇಂಗ್ಲಿಷ್ ಕೇಳುತ್ತಾರೆ. ಆ ತಾಯಂದಿರಿಗೆ ಲೋಕ ಗೊತ್ತಿದೆ, ಅದಕ್ಕೇ ಕೇಳುತ್ತಿದ್ದಾರೆ. ಅವರ ಮಾತನ್ನು ಪಕ್ಕಕ್ಕೆ ತಳ್ಳಬೇಡಿ.

ಇನ್ನೊಂದು, ಒಡಿಶಾ ಬಂಗಾಳದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿ ಏನು ಮಾಡುತ್ತೀರಿ? ಅವರ ಮನೆ ಮಾತು ಅದಲ್ಲ.

ಸುರಪುರದವ

ಈ ಪ್ರಶ್ನೆ ನೋಡಿ ಬರೆಯದೆ ಇರೋಕೆ ಆಗಲಿಲ್ಲ. ನಾನು ಇಂಥದ್ದೇ ಶೆಡ್‌ನಲ್ಲಿ ಬೆಳೆದವನು. ಅಪ್ಪ ಗಾರೆ ಕೆಲಸ, ಅವ್ವ ಕಲ್ಲು ಮಣ್ಣು ಹೊರುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಳೆ ಹಿಡಿದರೆ ಬಿತ್ತಾಕ ಊರಿಗೆ. ನಡುವೆ ಜಾತ್ರೆಗೆ ಒಮ್ಮೆ, ಮೊಹರಂಗೆ ಒಮ್ಮೆ. ಹೀಗಾಗಿ ಊರಿನ ಶಾಲೆಯಲ್ಲಿ ಹೆಸರು ಇರುತ್ತಿತ್ತು, ಹುಡುಗ ಇರುತ್ತಿರಲಿಲ್ಲ.

ಇಂಗ್ಲಿಷ್ ಬಗ್ಗೆ ಶನಿವಾರದ ಅಣ್ಣ ಕೇಳಿದ ನ್ಯಾಯದ ಪ್ರಶ್ನೆ ಸರಿಯಾದದ್ದೇ. ಇಂಗ್ಲಿಷ್ ನನಗೂ ಬೇಕಿತ್ತು. ಆದರೆ ನಡೆಯುವುದು ಹೇಗೆ ಅಂತ ಹೇಳುತ್ತೇನೆ. ನಮ್ಮ ಶೆಡ್ಡಿಗೆ ಒಂದು ಗುಂಪು ಬರುತ್ತಿತ್ತು, ಒಳ್ಳೇ ಜನ. ಎ ಫಾರ್ ಆ್ಯಪಲ್, ಬಣ್ಣದ ಹೆಸರು, ಪದ್ಯಕ್ಕೆ ಕುಣಿತ. ನಾವು ಜೋರಾಗಿ ಹೇಳುತ್ತಿದ್ದೆವು, ಅವ್ವಂದಿರಿಗೆ ಖುಷಿ. ಊರಿಗೆ ಹೋಗಿ ಶಾಲೆಯಲ್ಲಿ ಕೂತರೆ ಸಮಾಜ ವಿಜ್ಞಾನ ಕನ್ನಡದಲ್ಲಿ, ಗಣಿತದ ಲೆಕ್ಕ ಕನ್ನಡದಲ್ಲಿ, ಪರೀಕ್ಷೆ ಕನ್ನಡದಲ್ಲಿ. ಅಲ್ಲಿ ಆ್ಯಪಲ್ ಉಪಯೋಗಕ್ಕೆ ಬರಲಿಲ್ಲ. ಒಬ್ಬರು ಮಾತ್ರ ಬೇರೆ ಥರ ಇದ್ದರು. ವಯಸ್ಸಾದವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ದಿನಾ ಹಳೇ ಕನ್ನಡ ಪೇಪರ್ ತಂದು ನೆಲದ ಮೇಲೆ ಹಾಸಿ, ಗೊತ್ತಿರುವ ಅಕ್ಷರಕ್ಕೆಲ್ಲ ಗೋಲ ಹಾಕು ಅನ್ನುತ್ತಿದ್ದರು. ಗೋಲಗಳು ಜಾಸ್ತಿ ಆಗುತ್ತಾ ಹೋಗಿ ಒಂದು ದಿನ ಕ್ರಿಕೆಟ್ ಸುದ್ದಿಯ ತಲೆಬರಹ ಪೂರ್ತಿ ಓದಿದೆ. ಓದೋಕೆ ಬಂದ ಮೇಲೆ ಉಳಿದ ವಿಷಯ ನಾನೇ ಹಿಡಿದೆ. ಇಂಗ್ಲಿಷ್ ಕೂಡ ಆಮೇಲೆ ಬಂತು, ಒಂದು ಭಾಷೆ ಓದೋಕೆ ಬರುವವನಿಗೆ ಇನ್ನೊಂದು ಅಷ್ಟು ಕಷ್ಟ ಆಗಲ್ಲ. ಹಾಗಾಗಿ ಊರಿಗೆ ವಾಪಸ್ ಹೋಗಿ ಕನ್ನಡ ಶಾಲೆಯಲ್ಲಿ ಕೂರಬೇಕಾದ ಮಕ್ಕಳಿಗೆ ಕನ್ನಡ ಓದು ಮೊದಲು ಬರಲಿ. ಅದರ ಜೊತೆ ದಿನಾ ಹದಿನೈದು ನಿಮಿಷ ಇಂಗ್ಲಿಷ್ ಮಾತು ಹೇಳಿಕೊಡಿ, ಅವ್ವಂದಿರಿಗೂ ಸಮಾಧಾನ.

ಒಡಿಶಾ ಮಕ್ಕಳ ವಿಷಯ ಬೇರೆ. ನಮ್ಮ ಜೊತೆಗಿದ್ದವರು ಆಟದಲ್ಲೇ ನಮಗಿಂತ ಚೆನ್ನಾಗಿ ಕನ್ನಡ ಬೈಗುಳ ಕಲಿತಿದ್ದರು! ಇಲ್ಲಿನ ಶಾಲೆಗೆ ಸೇರುವುದಾದರೆ ಮೊದಲು ಮಾತು ಕಲಿಸಿ, ಆಮೇಲೆ ಅಕ್ಷರ. ಲೆಕ್ಕಕ್ಕೆ ಭಾಷೆಯ ತೊಡಕು ಕಡಿಮೆ, ಅಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಬಹುದು. ಕಥೆ ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. ಒಂದೇ ಕಥೆ ಕನ್ನಡ, ಒಡಿಯಾ, ಬಂಗಾಳಿ, ಇಂಗ್ಲಿಷ್ ಎಲ್ಲದರಲ್ಲೂ ಸಿಗುತ್ತದೆ, ದುಡ್ಡಿಲ್ಲ, ಪ್ರಿಂಟ್ ತೆಗೆದುಕೊಳ್ಳಬಹುದು.

ಪ್ರಯೋಜನ ಇದೆಯಾ ಅಂತ ಕೇಳಿದಿರಿ ಅಕ್ಕ. ಇದೆ. ಓದು ಒಮ್ಮೆ ಬಂದರೆ ಶೆಡ್ ಬದಲಾದರೂ ಹೋಗಲ್ಲ. ಆದರೆ ಅರ್ಧಕ್ಕೆ ಹೋಗುವ ಮಕ್ಕಳ ಕೈಗೆ ಒಂದು ಚೀಟಿ ಕೊಡಿ. ಯಾವ ಶಾಲೆಯಲ್ಲಿ ಯಾವ ಕ್ಲಾಸಿನಲ್ಲಿ ಇದ್ದ, ಎಲ್ಲಿವರೆಗೆ ಓದೋಕೆ ಬರುತ್ತೆ, ನಿಮ್ಮ ಫೋನ್ ನಂಬರ್. ಅಪ್ಪನ ಫೋನಿನಲ್ಲಿ ಅದರ ಫೋಟೋನೂ ಇರಲಿ, ಚೀಟಿ ಕಳೆದುಹೋಗುತ್ತದೆ. ಮುಂದಿನ ಊರಿನ ಮೇಷ್ಟ್ರಿಗೆ ಇದೇ ದೊಡ್ಡ ಉಪಕಾರ. ಊರಿಗೆ ವಾಪಸ್ ಹೋದವರಿಗೆ ಗ್ರಾಮ ಪಂಚಾಯಿತಿ ಲೈಬ್ರರಿ ಬಗ್ಗೆಯೂ ಹೇಳಿ ಕಳಿಸಿ. 2020ರ ನವೆಂಬರಿನಲ್ಲಿ ಓದುವ ಬೆಳಕು ಅಂತ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ, ನಮ್ಮ ಕಾಲಕ್ಕೆ ಇರಲಿಲ್ಲ ಇದು.

ಮತ್ತೆ ದಯವಿಟ್ಟು ಕೇಕು, ಚಾಕೊಲೇಟು, ಹಳೇ ಬಟ್ಟೆ ಹಂಚುವ ಕೆಲಸವನ್ನು ಪಾಠದ ಜೊತೆ ಸೇರಿಸಬೇಡಿ. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈಗೆ ಪೆನ್ಸಿಲ್ ಡಬ್ಬಿ ಕೊಟ್ಟು, ಫೋಟೋ ಹೊಡೆದು ಹೋಗುತ್ತಿದ್ದರು. ಆ ದಿನ ಪಾಠ ಇಲ್ಲ. ಮುಂದಿನ ವಾರ ಅರ್ಧ ಮಕ್ಕಳು ಏನಾದರೂ ಕೊಡುತ್ತಾರಾ ಅಂತ ನೋಡೋಕೆ ಬರುತ್ತಿದ್ದರು, ಕೊಡದಿದ್ದರೆ ಎದ್ದು ಹೋಗುತ್ತಿದ್ದರು. ಸಾಲಲ್ಲಿ ನಿಂತ ದೊಡ್ಡ ಹುಡುಗರಿಗೆ ಅದು ಎಷ್ಟು ನಾಚಿಕೆ ಅಂತ ಕೊಡುವವರಿಗೆ ಕಾಣಲ್ಲ.

ವರ್ತೂರು ಕಡೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುರಪುರದವರೇ, ನಿಮ್ಮ ಮಾತನ್ನು ಗೆಳತಿಯರಿಗೆ ಹಾಗೇ ಓದಿ ಹೇಳಿದೆ. ಉಡುಗೊರೆ, ಫೋಟೋ ಎರಡೂ ಬೇಡ ಅಂತ ನಾಲ್ವರೂ ಒಪ್ಪಿದ್ದೇವೆ. ಕನ್ನಡ ಮೊದಲು, ಜೊತೆಗೆ ಸ್ವಲ್ಪ ಇಂಗ್ಲಿಷ್ ಮಾತು.

ಮೊದಲ ಸಲ ಎಲ್ಲ ಮಕ್ಕಳನ್ನೂ ಕೂರಿಸಿ ಓದಿಸಿ ನೋಡಿದೆವು. ಎರಡು ತೊಂದರೆ ಕಾಣಿಸಿತು. ಒಂದು, ಹತ್ತು ಹನ್ನೊಂದು ವರ್ಷದ ಹೆಣ್ಣುಮಕ್ಕಳು ಬರುವುದೇ ಇಲ್ಲ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ದೂರದಲ್ಲಿ ನಿಂತು ನೋಡುತ್ತಾರೆ, ಕರೆದರೆ ನಕ್ಕು ಓಡುತ್ತಾರೆ. ಎರಡು, ನಾವು ಹೋಗುವ ಹೊತ್ತಿಗೇ ನೀರಿನ ಟ್ಯಾಂಕರ್ ಬರುತ್ತದೆ. ಹಾರ್ನ್ ಕೇಳಿದರೆ ಸಾಕು, ಕೂತವರೆಲ್ಲ ಕೊಡ ಹಿಡಿದು ಓಟ.

ಲೆಕ್ಕದ ಬಗ್ಗೆಯೂ ಒಂದು ಪ್ರಶ್ನೆ. ಒಬ್ಬ ಹುಡುಗ 42ರಲ್ಲಿ 17 ಕಳೆದರೆ 35 ಅಂತ ಬರೆದ. ಅದೇ ಹುಡುಗ ಅಂಗಡಿಗೆ ಹೋಗಿ ಬಂದರೆ ಒಂದು ರೂಪಾಯಿ ಚಿಲ್ಲರೆ ತಪ್ಪುವುದಿಲ್ಲ ಅಂತ ಅವನ ಅಮ್ಮ ಹೇಳುತ್ತಾರೆ. ಇದು ಹೇಗೆ?

ಬಳಪ

ಲೆಕ್ಕ ಮೊದಲು ಹೇಳುತ್ತೇನೆ, ಇದು ನನಗೆ ಬಹಳ ಇಷ್ಟದ ವಿಷಯ. ನಿಮ್ಮ ಹುಡುಗ ದಡ್ಡನಲ್ಲ. 7ರಲ್ಲಿ 2 ಹೋದರೆ 5, 4ರಲ್ಲಿ 1 ಹೋದರೆ 3, ಆಯಿತು 35. ಎಲ್ಲಿ ದೊಡ್ಡ ಅಂಕಿ ಇದೆಯೋ ಅದರಿಂದ ಚಿಕ್ಕದನ್ನು ಕಳೆದಿದ್ದಾನೆ. ದಶಕ ತಗೊಳ್ಳುವುದು ಅವನಿಗೆ ಕಾಗದದ ಮೇಲೆ ಅರ್ಥ ಆಗಿಲ್ಲ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ಇದೇ ಬ್ಯಾನರ್ಜಿ, ಡುಫ್ಲೊ ಮತ್ತು ಜೊತೆಯವರು ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಕಷ್ಟದ ವ್ಯಾಪಾರವನ್ನು ಬಾಯಲ್ಲೇ ಸರಿಯಾಗಿ ಲೆಕ್ಕ ಹಾಕುವ ಮಕ್ಕಳು, ಅಂಥದ್ದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟರೆ ಎಡವುತ್ತಿದ್ದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಇದಕ್ಕೆ ಉಲ್ಟಾ.

ಪೊರಕೆ ಕಡ್ಡಿ ತೆಗೆದುಕೊಳ್ಳಿ. ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದೆ ಇಡಿ. ಹದಿನೇಳು ಕೊಡು ಅನ್ನಿ. ಏಳು ಬಿಡಿ ಕಡ್ಡಿ ಇಲ್ಲ, ಅವನೇ ಒಂದು ಕಟ್ಟು ಬಿಚ್ಚುತ್ತಾನೆ, ನೀವು ಹೇಳಬೇಕಾಗಿಲ್ಲ. ಕೊಟ್ಟಾದ ಮೇಲೆ ಎರಡು ಕಟ್ಟು, ಐದು ಬಿಡಿ ಉಳಿದಿರುತ್ತದೆ. ಆಗ ಅದೇ ಲೆಕ್ಕವನ್ನು ಪಕ್ಕದಲ್ಲಿ ಸ್ಲೇಟಿನ ಮೇಲೆ ಬರೆಯಿರಿ, ಕಟ್ಟು ಬಿಚ್ಚಿದ್ದು ಎಲ್ಲಿ ಬರುತ್ತದೆ ಅಂತ ತೋರಿಸಿ. ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯದಲ್ಲೂ ಮಾಡಿಸಿ, ಅಲ್ಲಿ ಅವನು ನಿಮಗಿಂತ ಜೋರು.

ಹೆಣ್ಣುಮಕ್ಕಳ ವಿಷಯ. ತಮ್ಮನನ್ನು ಬಿಟ್ಟು ಬಾ ಅಂದರೆ ಅವರು ಯಾವತ್ತೂ ಬರುವುದಿಲ್ಲ. ತಮ್ಮನನ್ನು ಕರೆದುಕೊಂಡೇ ಬಾ ಅನ್ನಿ. ನಾಲ್ವರಲ್ಲಿ ಒಬ್ಬರು ಚಿಕ್ಕವರನ್ನು ನೋಡಿಕೊಳ್ಳುವ ಕೆಲಸಕ್ಕೇ ಇರಲಿ, ಒಂದು ಚಾಪೆ, ನಾಲ್ಕು ಡಬ್ಬಿ ಮುಚ್ಚಳ, ಒಂದು ಚೆಂಡು ಸಾಕು. ನಾವು ಇದನ್ನು ಶುರು ಮಾಡಿದ ಮೇಲೆಯೇ ದೊಡ್ಡ ಹುಡುಗಿಯರು ಕೂತಿದ್ದು. ಒಬ್ಬಳು ಬಂದರೆ ಉಳಿದವರು ಬರುತ್ತಾರೆ. ಟ್ಯಾಂಕರ್ ಹೊತ್ತು ಮೇಸ್ತ್ರಿಯನ್ನು ಕೇಳಿ, ಅದು ಮುಗಿದ ಮೇಲೆ ಪಾಠ ಇಟ್ಟುಕೊಳ್ಳಿ. ಅವರಿಗೆ ನೀರು ಮೊದಲು. ಮೇಸ್ತ್ರಿ ಜೊತೆ ಹೇಗೂ ಮಾತಾಡಲೇಬೇಕು, ಜಾಗ, ಬಲ್ಬು ಎರಡಕ್ಕೂ ಅವನೇ ದಿಕ್ಕು.

ಸುರಕ್ಷತೆ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಯಾವಾಗಲೂ ಇಬ್ಬರು ದೊಡ್ಡವರಾದರೂ ಇರಿ. ಯಾವ ಮಗುವನ್ನೂ ಒಬ್ಬರೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಡಿ, ಶೆಡ್ ಒಳಗೆ ಬಾಗಿಲು ಹಾಕಿಕೊಂಡು ಪಾಠ ಬೇಡ. ಹೊಸ ಸ್ವಯಂಸೇವಕರು ಯಾರೇ ಬಂದರೂ ಗುರುತಿನ ಚೀಟಿ ನೋಡಿ, ಕೆಲವು ದಿನ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಒಳ್ಳೆಯವರಿಗೆ ಇದರಿಂದ ಬೇಜಾರಾಗಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಅದನ್ನು ಒಳಗೇ ಮಾತಾಡಿ ಮುಗಿಸುವ ಹಾಗಿಲ್ಲ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ಬಾಯಿಪಾಠ ಮಾಡಿಸಿ, ಇದೊಂದು ಬಾಯಿಪಾಠ ಇರಲಿ.

ಶನಿವಾರದ ಅಣ್ಣ

ಸುರಪುರದವರೇ, ನೀವು ಹೇಳಿದ್ದರಲ್ಲಿ ಊರಿಗೆ ವಾಪಸ್ ಹೋಗುವ ಮಕ್ಕಳ ಮಾತು ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಬೆಂಗಳೂರಲ್ಲೇ ಉಳಿದುಬಿಡುವ ಮನೆಗಳೂ ಇವೆ. ಅಂಥ ಮಕ್ಕಳಿಗೆ ಇಂಗ್ಲಿಷ್ ಹದಿನೈದು ನಿಮಿಷ ಸಾಲದು ಅನ್ನುವ ನನ್ನ ಮಾತು ಹಾಗೇ ಇದೆ. ಕನ್ನಡ ಓದೋಕೆ ಬಂದ ಗುಂಪಿಗೆ ಇಂಗ್ಲಿಷ್ ಓದನ್ನೂ ಅಷ್ಟೇ ಗಂಭೀರವಾಗಿ ಶುರು ಮಾಡಿ. ವರ್ತೂರಿನವರಿಗೆ ಬೇಕಿದ್ದರೆ ಶನಿವಾರ ನಾನು ಬಂದು ಆ ಗುಂಪಿಗೆ ಕೂರುತ್ತೇನೆ. ಒಂದೇ ಗುಂಪು, ತಪ್ಪದೆ ಬರುತ್ತೇನೆ.

ಮೇಷ್ಟ್ರು, ಕೋಲಾರ ಕಡೆ

ಶಾಲೆಗೆ ಹೋಗದ ಮಕ್ಕಳ ಪಟ್ಟಿ ಮಾಡಿದಿರಾ ಮೇಡಂ? ಹೆಸರು, ಅಂದಾಜು ವಯಸ್ಸು, ಅಪ್ಪ ಅಮ್ಮನ ಹೆಸರು, ಫೋನ್, ಮೊದಲು ಯಾವ ಊರಲ್ಲಿ ಯಾವ ಕ್ಲಾಸು, ಇಷ್ಟು ಬರೆದುಕೊಳ್ಳಿ. ಹೋಗುವಾಗ ಒಬ್ಬ ತಾಯಿಯನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ನೀವೊಬ್ಬರೇ ಹೋದರೆ ಮಕ್ಕಳ ಪರವಾಗಿ ಸಹಿ ಹಾಕುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಕೆಲಸಕ್ಕೆ ರಜೆ ಇರುವ ದಿನ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಅಪ್ಪ ಅಮ್ಮ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದ್ದಾರಾ ಅಂತಲೂ ನೋಡಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ನೋಂದಣಿ ಮಾಡಿಸಬಹುದು, ಮಕ್ಕಳ ಓದಿಗೆ ಸಹಾಯಧನದ ಯೋಜನೆ ಅಲ್ಲಿದೆ. ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ವರ್ತೂರು ಕಡೆಯವಳು

ಪಟ್ಟಿ ಅರ್ಧ ಆಗಿದೆ ಸರ್, ಇಬ್ಬರು ತಾಯಂದಿರು ಬರುತ್ತೇವೆ ಅಂದಿದ್ದಾರೆ. ಶನಿವಾರದ ಅಣ್ಣ, ಖಂಡಿತ ಬನ್ನಿ, ಮೆಸೇಜ್ ಹಾಕಿದ್ದೇನೆ, ಬರುವಾಗ ಗುರುತಿನ ಚೀಟಿ ತನ್ನಿ. ಟ್ಯಾಂಕರ್ ಐದೂವರೆಗೆ ಬಂದು ಹೋಗುತ್ತದಂತೆ, ಹಾಗಾಗಿ ಪಾಠ ಆರು ಗಂಟೆಗೆ.